ಉಗುರಿಗೆ ಕ್ರೀಮ್: ಏನಾಗುತ್ತದೆ, ಏನಾಗುವುದಿಲ್ಲ

ರಮಝಾನ್ ಈದ್‌ಗೆ ಹಚ್ಚಿದ ಮೆಹಂದಿ ಅಂಗೈಯಿಂದ ಎರಡು ವಾರದೊಳಗೆ ಹೋಗಿಬಿಡುತ್ತದೆ. ಉಗುರಿನಿಂದ ಹೋಗುವುದಿಲ್ಲ. ಇದು ನಮ್ಮ ಕಾಲೇಜಿನ ಹುಡುಗಿಯರಿಗೆಲ್ಲ ಗೊತ್ತು. ಆದರೆ ಬಕ್ರೀದ್ ಹತ್ತಿರ ಬಂದಾಗ ಅದೇ ಉಗುರಿನ ಮೇಲೆ ಸ್ಕೇಲ್ ಇಟ್ಟು ಅಳೆದವರು ಕಡಿಮೆ ಇರಬಹುದು. ನಾನು ಅಳೆದೆ. ಬುಡದಿಂದ ಬಣ್ಣವಿಲ್ಲದ ಹೊಸ ಉಗುರು ಸುಮಾರು 7 ಮಿಲಿಮೀಟರ್ ಬಂದಿತ್ತು, ಮೆಹಂದಿಯ ಕಿತ್ತಳೆ ಬಣ್ಣ ತುದಿಗೆ ಸರಿದಿತ್ತು. ಎರಡು ಈದ್‌ಗಳ ನಡುವೆ ಹೆಚ್ಚುಕಡಿಮೆ 70 ದಿನ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ ಎನ್ನುತ್ತಾರೆ. ಲೆಕ್ಕ ತಾಳೆಯಾಯಿತು.

ಕ್ರೀಮಿನ ವಿಷಯ ಬರೆಯುತ್ತೇನೆಂದು ಹೇಳಿ ಮೆಹಂದಿಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಮೆಹಂದಿ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ಅಂಶವಿದೆ. ಅದು ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದ ಮೇಲ್ಪದರದಲ್ಲೂ ಕೆರಾಟಿನ್ ಇದೆ, ಆದರೆ ಆ ಪದರ ದಿನವೂ ಸ್ವಲ್ಪ ಸ್ವಲ್ಪ ಉದುರುತ್ತದೆ, ಬಣ್ಣವೂ ಅದರ ಜೊತೆ ಹೋಗುತ್ತದೆ. ಉಗುರು ಹಾಗೆ ಉದುರುವುದಿಲ್ಲ. ಅದು ಬುಡದಿಂದ ಮುಂದಕ್ಕೆ ತಳ್ಳಿಕೊಂಡು ಬರುತ್ತದೆ ಅಷ್ಟೆ. ಉಗುರು ತಯಾರಾಗುವ ಜಾಗ ಬುಡದ ಚರ್ಮದ ಮಡಿಕೆಯ ಒಳಗಿದೆ. ಹೆಬ್ಬೆರಳಿನಲ್ಲಿ ಅರ್ಧಚಂದ್ರದ ಹಾಗೆ ಬೆಳ್ಳಗೆ ಕಾಣುತ್ತದಲ್ಲ, ಅದು ಆ ಕಾರ್ಖಾನೆಯ ಹೊರಗೆ ಕಾಣುವ ಅಂಚು. ಅಲ್ಲಿಂದ ಹೊರಬಂದ ಮೇಲೆ ಉಗುರಿಗೆ ಜೀವವಿಲ್ಲ. ಕತ್ತರಿಸಿದರೆ ನೋವಾಗದಿರುವುದು ಅದಕ್ಕೇ.

ಹಾಗಾದರೆ 'ಏಳೇ ದಿನದಲ್ಲಿ ಉಗುರನ್ನು ಬೇರಿನಿಂದ ಗಟ್ಟಿ ಮಾಡುತ್ತದೆ' ಎಂಬಂಥ ಮಾತು ಯಾವುದಾದರೂ ಡಬ್ಬಿಯ ಮೇಲೆ ಕಂಡರೆ ಏನೆಂದು ತಿಳಿಯಬೇಕು? ಏಳು ದಿನದಲ್ಲಿ ಬರುವ ಹೊಸ ಉಗುರು ಒಂದು ಮಿಲಿಮೀಟರೂ ಇಲ್ಲ. ಪೂರ್ತಿ ಉಗುರು ಹೊಸದಾಗಿ ಬರಲು ನಾಲ್ಕರಿಂದ ಆರು ತಿಂಗಳು ಬೇಕು. ಆಗಲೇ ಹೊರಗೆ ಬಂದಿರುವ ಉಗುರಿಗೆ ಊಟ ಕೊಡಲು ಯಾವ ಕ್ರೀಮಿಗೂ ಆಗುವುದಿಲ್ಲ.

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿ ವಿಜ್ಞಾನ ಬಿಟ್ಟರೆ ಬಯಾಲಜಿ ಓದಿದವಳಲ್ಲ. ಆದರೆ ಮನೆಯ ಖರ್ಚಿನ ಪುಸ್ತಕ ಬರೆಯುವವಳು ನಾನೇ. ಅದರಲ್ಲಿ 'ಕೈಗೆ ಕ್ರೀಮ್' ಎಂಬ ಖರ್ಚು ತಿಂಗಳು ತಿಂಗಳೂ ಬರುತ್ತಿತ್ತು, ಕೈ ಮಾತ್ರ ಹಾಗೇ ಇತ್ತು. ಕೈ ನಮ್ಮ ಅಮ್ಮಿಯದು. ಅವರು ಇಲ್ಲೇ ರಾಮನಗರದ ಒಂದು ಫಿಲೇಚರ್‌ನಲ್ಲಿ ಬೇಸಿನ್ ಮುಂದೆ ಕೆಲಸ ಮಾಡುತ್ತಾರೆ.

ಹೊರಗಿನಿಂದ ಬಂದು ಹಾಸ್ಟೆಲಿನಲ್ಲಿರುವವರಿಗಾಗಿ ಸ್ವಲ್ಪ ಹೇಳುತ್ತೇನೆ. ರೇಷ್ಮೆ ಗೂಡನ್ನು ಮೊದಲು ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ. ಹುಳ ತನ್ನ ಎಳೆಯನ್ನು ಸೆರಿಸಿನ್ ಎಂಬ ಅಂಟಿನಿಂದ ಅಂಟಿಸಿಕೊಂಡಿರುತ್ತದೆ, ಬಿಸಿನೀರಿಗೆ ಅದು ಸಡಿಲವಾಗುತ್ತದೆ. ಬೆಂದ ಗೂಡು ಬೇಸಿನ್‌ನ ಬಿಸಿನೀರಿಗೆ ಬರುತ್ತದೆ. ಅಲ್ಲಿ ಕೂತವರು ಒಂದೊಂದು ಗೂಡಿನ ಎಳೆಯ ತುದಿ ಹುಡುಕಿ, ಹಲವು ಎಳೆ ಸೇರಿಸಿ, ಮೇಲೆ ತಿರುಗುವ ರಾಟೆಗೆ ಕೊಡಬೇಕು. ಎಳೆ ಕಡಿದರೆ ಮತ್ತೆ ನೀರಿಗೆ ಕೈ. ಕೂದಲಿಗಿಂತ ತೆಳುವಾದ ಎಳೆ ಸಿಕ್ಕಿತೋ ಇಲ್ಲವೋ ಎಂದು ಬೆರಳ ತುದಿಗೇ ಗೊತ್ತಾಗಬೇಕು. ದಪ್ಪ ಗ್ಲೌಸ್ ಹಾಕಿ ಈ ಕೆಲಸ ಆಗುವುದಿಲ್ಲ. ಹೀಗೆ ಬೆಳಗ್ಗೆಯಿಂದ ಸಂಜೆಯವರೆಗೆ ಬಿಸಿನೀರು, ಅಂಟು, ಹುಳದ ರಸ. ಮನೆಗೆ ಬಂದಾಗ ಬೆರಳುಗಳು ಬೆಳ್ಳಗೆ ಸುಕ್ಕಾಗಿರುತ್ತವೆ. 'ಹಾತಾಂ ಜಲ್‌ತೇ' ಅನ್ನುತ್ತಾರೆ, ಕೈ ಉರಿಯುತ್ತದೆ ಎಂದು. ಆಮೇಲೆ ಅದೇ ಕೈಯಲ್ಲಿ ಪಾತ್ರೆ ತೊಳೆಯಲು ಕೂರುತ್ತಾರೆ.

ಉಗುರಿನ ಮೊದಲ ಶತ್ರು ಈ ನೀರೇ. ನೋಡಲು ಗಾಜಿನಂತಿದ್ದರೂ ಉಗುರು ಚರ್ಮಕ್ಕಿಂತ ಬೇಗ ನೀರು ಹೀರುತ್ತದೆ, ಅಷ್ಟೇ ಬೇಗ ಬಿಡುತ್ತದೆ. ಅದನ್ನು ತಡೆದು ಹಿಡಿಯಬೇಕಾದ ಎಣ್ಣೆಯಂಶ ಉಗುರಿನಲ್ಲಿ ತೀರ ಕಡಿಮೆ. ಉಗುರು ಒಂದೇ ಹಲಗೆಯಲ್ಲ, ಚಪ್ಪಟೆಯಾದ ಸತ್ತ ಕೋಶಗಳು ಪದರ ಪದರವಾಗಿ ಅಂಟಿಕೊಂಡಿವೆ. ನೆಂದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಪದರಗಳ ನಡುವಿನ ಹಿಡಿತ ಬಿಟ್ಟುಹೋಗುತ್ತದೆ. ಮಳೆಗಾಲದಲ್ಲಿ ಪ್ಲೈವುಡ್ ಬಾಗಿಲಿನ ಕೆಳಗಿನ ಅಂಚು ಎದ್ದುಬರುವುದನ್ನು ನೋಡಿದ್ದೀರಲ್ಲ, ಉಗುರಿನ ತುದಿ ಎರಡು ಪದರವಾಗಿ ಸೀಳುವುದೂ ಹಾಗೆಯೇ. ಸೋಪು, ಪಾತ್ರೆ ಉಜ್ಜುವ ಪುಡಿ, ನೇಲ್ ಪಾಲಿಶ್ ತೆಗೆಯುವ ಅಸಿಟೋನ್, ಇವು ಇದ್ದಬದ್ದ ಎಣ್ಣೆಯನ್ನೂ ತೆಗೆದುಬಿಡುತ್ತವೆ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಅಣ್ಣಂದಿರು ಗ್ರೀಸ್ ಹೋಗಲೆಂದು ಪೆಟ್ರೋಲಿನಲ್ಲಿ ಕೈ ತೊಳೆಯುತ್ತಾರೆ, ಅದು ಇನ್ನೂ ಕೆಟ್ಟದ್ದು. ಮೊದಲು ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿದರೆ ಗ್ರೀಸ್ ಅಷ್ಟೇ ಚೆನ್ನಾಗಿ ಹೋಗುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಉಗುರಿನ ಬುಡದ್ದು. ಅಲ್ಲಿ ಒಂದು ತೆಳು ಪೊರೆ ಉಗುರಿಗೂ ಚರ್ಮಕ್ಕೂ ಅಂಟಿಕೊಂಡಿರುತ್ತದೆ. ಕಿಟಕಿ ಗಾಜಿಗೆ ಸುತ್ತ ಪುಟ್ಟಿ ಹಾಕಿದ ಹಾಗೆ ಅದು ನೀರು ಒಳಗೆ ಹೋಗದಂತೆ ತಡೆಯುತ್ತದೆ. ಸದಾ ನೆನೆಯುವ ಕೈಯಲ್ಲಿ ಆ ಪೊರೆ ಕೊಳೆತು ಹೋಗುತ್ತದೆ. ಆಗ ಸಂದಿ ತೆರೆದುಕೊಂಡು ನೀರು, ಸೋಪು, ಫಂಗಸ್ ಎಲ್ಲ ಒಳಗೆ. ಬುಡ ಕೆಂಪಾಗಿ ಊದುತ್ತದೆ, ಉಗುರಿನ ಮೇಲೆ ಅಡ್ಡ ಗೆರೆಗಳು ಏಳುತ್ತವೆ. ಕಾರ್ಖಾನೆಗೇ ನೀರು ನುಗ್ಗಿದರೆ ಹೊರಬರುವ ಮಾಲು ನೆಟ್ಟಗಿರುತ್ತದೆಯೇ? ಅಮ್ಮಿಯ ಎರಡೂ ಕೈಯ ತೋರುಬೆರಳು, ನಡುಬೆರಳಿಗೆ ಆಗಿದ್ದು ಇದೇ. ಕೆಲವು ಬ್ಯೂಟಿ ಪಾರ್ಲರ್‌ಗಳಲ್ಲಿ ಚೆಂದ ಕಾಣಲೆಂದು ಈ ಪೊರೆಯನ್ನು ಕತ್ತರಿಸಿ ತೆಗೆಯುತ್ತಾರೆ. ದುಡ್ಡು ಕೊಟ್ಟು ಪುಟ್ಟಿ ಕೀಳಿಸಿಕೊಂಡ ಹಾಗೆ.

ಈಗ ಕ್ರೀಮಿಗೆ ಬರುತ್ತೇನೆ. ಹೆಸರು ನೂರು ಇದ್ದರೂ ಒಳಗಿನ ಕೆಲಸಗಾರರು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಮುಚ್ಚಳದಂತೆ ಕೂರುವಂಥದ್ದು. ಅದರಲ್ಲಿ ಎಲ್ಲಕ್ಕಿಂತ ಗಟ್ಟಿಗ ಪೆಟ್ರೋಲಿಯಂ ಜೆಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದ ತೈಲಬಾವಿಗಳಲ್ಲಿ ಪಂಪಿನ ಸರಳಿಗೆ ಮೆತ್ತಿಕೊಳ್ಳುತ್ತಿದ್ದ ಮೇಣದಂಥ ಕೊಳೆಯನ್ನು ಕೂಲಿಗಳು ಸುಟ್ಟಗಾಯ, ಕೊಯ್ದಗಾಯಕ್ಕೆ ಹಚ್ಚುತ್ತಿದ್ದರಂತೆ. ರಾಬರ್ಟ್ ಚೆಸ್‌ಬ್ರೋ ಎಂಬವರು ಅದನ್ನು ಶುದ್ಧ ಮಾಡಿ 1872ರಲ್ಲಿ ಪೇಟೆಂಟ್ ಪಡೆದು ವ್ಯಾಸಲೀನ್ ಎಂದು ಮಾರಿದರು. (ಬಿಸಿನೆಸ್ ಸ್ಟಡೀಸ್ ಓದುವವರು ಗಮನಿಸಿ: ಬೇರೆಯವರು ಎಸೆಯುತ್ತಿದ್ದ ಕಚ್ಚಾಮಾಲು!) ಜೆಲ್ಲಿ ಚರ್ಮಕ್ಕೆ ನೀರು ಕೊಡುವುದಿಲ್ಲ, ಒಳಗಿರುವ ನೀರು ಆರಿಹೋಗದಂತೆ ತಡೆಯುತ್ತದೆ. ಹಾಗಾಗಿ ಒಣ ಕೈಗೆ ಹಚ್ಚುವುದಕ್ಕಿಂತ ತೊಳೆದು ಒರೆಸಿ ಇನ್ನೂ ಸ್ವಲ್ಪ ತೇವವಿರುವ ಕೈಗೆ ಹಚ್ಚಿದರೆ ಲಾಭ.

ಎರಡನೆಯದು ನೀರನ್ನು ಹಿಡಿದಿಟ್ಟುಕೊಳ್ಳುವಂಥದ್ದು. ಗ್ಲಿಸರಿನ್, ಯೂರಿಯಾ, ಲ್ಯಾಕ್ಟಿಕ್ ಆಮ್ಲ ಈ ಗುಂಪಿನವು. ಯೂರಿಯಾ ಎಂದರೆ ಹೊಲಕ್ಕೆ ಹಾಕುವ ಗೊಬ್ಬರ ಅಲ್ಲವೇ ಎಂದು ಖಾಲಾ ನಕ್ಕರು. ವಸ್ತು ಅದೇ, ಕ್ರೀಮಿಗೆ ಹಾಕುವುದು ಶುದ್ಧ ಮಾಡಿದ್ದು. ನಮ್ಮ ಚರ್ಮದಲ್ಲೂ ಅದು ಸಹಜವಾಗಿಯೇ ಇದೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ನೂರಕ್ಕೆ 10ರಷ್ಟು ಯೂರಿಯಾ ಇರುವ ಕ್ರೀಮ್ ಒರಟು ಕೈಯನ್ನು ಮೆದು ಮಾಡುತ್ತದೆ. ನೂರಕ್ಕೆ 40ರಷ್ಟಿದ್ದರೆ ಅದು ಉಗುರನ್ನೇ ಕರಗಿಸುವಷ್ಟು ಮೆತ್ತಗೆ ಮಾಡುತ್ತದೆ, ಫಂಗಸ್ ಹಿಡಿದ ಉಗುರನ್ನು ತೆಗೆಯಲು ವೈದ್ಯರು ಅದನ್ನು ಬಳಸುತ್ತಾರೆ. ಆದ್ದರಿಂದ 'ಯೂರಿಯಾ ಇದೆ' ಎಂಬುದಷ್ಟೇ ಓದಿದರೆ ಸಾಲದು, ಎಷ್ಟಿದೆ ಎಂದೂ ಓದಬೇಕು.

ಹಾಗಾದರೆ ಕ್ರೀಮಿನಿಂದ ಉಗುರಿಗೆ ಉಪಯೋಗವೇ ಇಲ್ಲವೇ? ಇದೆ. ಉಗುರು ಒಣಗಿ ಬಿರುಸಾಗದಂತೆ, ಬಾಗಿದಾಗ ಮುರಿಯದಂತೆ ನೋಡಿಕೊಳ್ಳುತ್ತದೆ. ಬುಡದ ಮಡಿಕೆಯನ್ನು ಮೆದುವಾಗಿಟ್ಟು ಪೊರೆ ಮತ್ತೆ ಕೂಡಿಕೊಳ್ಳಲು ಬಿಡುತ್ತದೆ. ಇಷ್ಟೇ ಅದರ ಕೆಲಸ. ಗಟ್ಟಿ ಮಾಡುವುದು ಬೇರೆ, ಕೆಡದಂತೆ ಕಾಯುವುದು ಬೇರೆ. ಅಂಗಡಿಯಲ್ಲಿ ನಮಗೆ ಮೊದಲನೆಯದನ್ನು ಹೇಳಿ ಎರಡನೆಯದನ್ನು ಮಾರುತ್ತಾರೆ.

ನಿಜವಾಗಿಯೂ 'ಗಟ್ಟಿ ಮಾಡುವ' ವಸ್ತುವೂ ಇದೆ. ನೇಲ್ ಹಾರ್ಡನರ್ ಎಂದು ಬರುವ ಕೆಲವು ದ್ರವಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಕೆರಾಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಮೊದಲು ಹಚ್ಚಿದಾಗ ಉಗುರು ಗಟ್ಟಿಯಾದಂತೆ ಕಾಣುವುದು ಸುಳ್ಳಲ್ಲ. ಹಚ್ಚುತ್ತಲೇ ಹೋದರೆ ಬಾಗುವ ಗುಣ ಹೋಗಿ ಗಾಜಿನಂತೆ ಚಟ್ಟನೆ ಮುರಿಯುತ್ತದೆ, ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಇನ್ನು ಕ್ಯಾಲ್ಸಿಯಂ. ಉಗುರಿನ ಗಟ್ಟಿತನ ಮೂಳೆಯ ಹಾಗೆ ಕ್ಯಾಲ್ಸಿಯಂನಿಂದ ಬಂದದ್ದಲ್ಲ, ಕೆರಾಟಿನ್‌ನಲ್ಲಿರುವ ಗಂಧಕದ ಬಂಧಗಳಿಂದ ಬಂದದ್ದು. ಉಗುರು ಸುಟ್ಟರೆ ಬರುವ ಆ ಕೆಟ್ಟ ವಾಸನೆ ಗಂಧಕದ್ದೇ. ಉಗುರಿನ ಮೇಲೆ ಬಿಳಿ ಚುಕ್ಕೆ ಬಂದರೆ ಕ್ಯಾಲ್ಸಿಯಂ ಕಡಿಮೆ ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರೆ. ಸಾಮಾನ್ಯವಾಗಿ ಅದು ಹಿಂದೆಂದೋ ಬಿದ್ದ ಸಣ್ಣ ಪೆಟ್ಟಿನ ಗುರುತು.

ಲೇಬಲ್ ಓದುವುದು ನಮ್ಮ ಕಾಮರ್ಸ್‌ನವರ ಕ್ಷೇತ್ರ. ಸೌಂದರ್ಯವರ್ಧಕಗಳ ಮೇಲೆ ಒಳಗಿರುವ ಪದಾರ್ಥಗಳನ್ನು ಹೆಚ್ಚು ಇರುವುದರಿಂದ ಕಡಿಮೆ ಇರುವುದರ ಕಡೆಗೆ ಕ್ರಮವಾಗಿ ಬರೆಯಬೇಕೆಂಬ ನಿಯಮವಿದೆ. ನೂರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಡಬ್ಬಿಯ ಮುಂದೆ ಬಾದಾಮಿ, ಕೇಸರಿ, ಜೇನಿನ ಚಿತ್ರ ದೊಡ್ಡದಾಗಿರುತ್ತದೆ. ಹಿಂದೆ ತಿರುಗಿಸಿ ನೋಡಿ. ನೀರು, ಗ್ಲಿಸರಿನ್, ಮಿನರಲ್ ಆಯಿಲ್ ಮೊದಲಲ್ಲಿ, ಬಾದಾಮಿ ಬಹಳ ಸಲ ಪರಿಮಳದ ಅಕ್ಕಪಕ್ಕದಲ್ಲಿ. ಇನ್ನೊಂದು, ಈಗ ಎಂಆರ್‌ಪಿ ಜೊತೆಗೆ ಗ್ರಾಂಗೆ ಅಥವಾ ಮಿಲಿಲೀಟರ್‌ಗೆ ಎಷ್ಟು ಎಂಬ ಬೆಲೆಯನ್ನೂ ಮುದ್ರಿಸಬೇಕು. ಒಂದು ಜೆಲ್ಲಿ ಡಬ್ಬಿ 80 ಗ್ರಾಂಗೆ 80 ರೂಪಾಯಿ, ಒಂದು 'ನೇಲ್ ಕ್ರೀಮ್' 15 ಗ್ರಾಂಗೆ 180 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲನೆಯದು ಗ್ರಾಂಗೆ 1 ರೂಪಾಯಿ, ಎರಡನೆಯದು 12. ಹನ್ನೆರಡು ಪಟ್ಟು ಕೊಡುವ ಮುನ್ನ ಮೊದಲ ನಾಲ್ಕು ಪದಾರ್ಥ ಹೋಲಿಸಿ ನೋಡಿದರೆ ಅರ್ಧ ತೀರ್ಮಾನ ಆದಂತೆ.

ಹೀಗೆ ಓದುವಾಗ ಒಂದು ಡಬ್ಬಿಯ ಹಿಂದೆ 'ಸೆರಿಸಿನ್' ಎಂಬ ಹೆಸರು ಕಂಡು ನಾನು ಎರಡು ಸಲ ಓದಿದೆ. ಹೌದು, ಗೂಡಿನ ಅಂಟೇ. ಗೂಡಿನ ರೇಷ್ಮೆಯಲ್ಲಿ ಸುಮಾರು ಕಾಲು ಭಾಗ ಇದೇ ಇರುತ್ತದೆ. ತೇವ ಹಿಡಿದಿಡುವ ಗುಣ ಇರುವುದರಿಂದ ಅದನ್ನು ಬೇರ್ಪಡಿಸಿ ಕ್ರೀಮ್‌ಗಳಿಗೆ ಹಾಕುತ್ತಾರೆ. ಅಮ್ಮಿಗೆ ಹೇಳಿದೆ. 'ಹಾಗಾದರೆ ನಾನು ದಿನವಿಡೀ ಕ್ರೀಮಿನಲ್ಲೇ ಕೈ ಇಟ್ಟಿರುತ್ತೇನೆ ಅನ್ನು' ಅಂದರು. ಸೆರಿಸಿನ್ ಒಳ್ಳೆಯದೇ ಇರಬಹುದು. ಆದರೆ ಬಿಸಿನೀರು ಮತ್ತು ಗಂಟೆಗಳು ಅದರ ಒಳ್ಳೆಯತನವನ್ನು ಉಳಿಸುವುದಿಲ್ಲ. ಅಕೌಂಟೆನ್ಸಿಯಲ್ಲಿ ನಾವು ಯಂತ್ರಕ್ಕೆ ಸವಕಳಿ ಲೆಕ್ಕ ಹಾಕಲು ಕಲಿಯುತ್ತೇವೆ. ಫಿಲೇಚರ್‌ನ ಯಂತ್ರಕ್ಕೂ, ಬಾಯ್ಲರಿಗೂ ಸವಕಳಿ ಬರೆಯಬಹುದು. ಬೇಸಿನ್ ಮುಂದಿನ ಕೈಗೆ ಬರೆಯಲು ಯಾವ ಕಾಲಂ ಎಂದು ನಾನು ಲೆಕ್ಚರರ್ ಹತ್ತಿರ ಕೇಳಿದ್ದೇನೆ. ಅವರು ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕೈ ಉರಿ, ತುರಿಕೆ ಹೆಚ್ಚಾದಾಗ ಅಮ್ಮಿ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿದರು. ಚೀಟಿ ಇಲ್ಲದೆ ಒಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ಉರಿ ಮಾಯ. ಎಲ್ಲರಿಗೂ ಖುಷಿ. ಅಕ್ಕಪಕ್ಕದ ಬೇಸಿನ್‌ನವರೂ ಅದನ್ನೇ ತಂದರು. ತಿಂಗಳುಗಟ್ಟಲೆ ದಿನವೂ ಹಚ್ಚಿದ ಮೇಲೆ ಬೆರಳ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ, ಹೊಳೆಯುವಂತೆ ಆಯಿತು. ಎಳೆ ತಾಗಿದರೂ ಗೀರು ಬೀಳುತ್ತಿತ್ತು. ಬಿಟ್ಟರೆ ಉರಿ ಮೊದಲಿಗಿಂತ ಜಾಸ್ತಿ. ಕೊನೆಗೆ ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋದಾಗ ಡಾಕ್ಟರ್ ಟ್ಯೂಬ್ ನೋಡಿ, ಇದು ಕ್ರೀಮ್ ಅಲ್ಲ, ಔಷಧಿ ಎಂದರು. ಅದರಲ್ಲಿ ಸ್ಟೀರಾಯ್ಡ್ ಇತ್ತು, ಜೊತೆಗೆ ಫಂಗಸ್‌ನದು, ಬ್ಯಾಕ್ಟೀರಿಯಾದ್ದು ಎಲ್ಲ ಸೇರಿಸಿದ್ದು.

ಸ್ಟೀರಾಯ್ಡ್ ಕೆಟ್ಟದ್ದೆಂದು ಅಲ್ಲ. ಉಗುರಿನ ಬುಡದ ಊತಕ್ಕೆ ವೈದ್ಯರೇ ಅದನ್ನು ಕೆಲವು ವಾರದ ಮಟ್ಟಿಗೆ ಕೊಡುವುದುಂಟು. ಯಾವುದು, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂಬುದು ನೋಡಿ ಹೇಳುವವರು ಬೇಕು. ದಿನವೂ ಹಚ್ಚುವ ಹ್ಯಾಂಡ್ ಕ್ರೀಮ್‌ನ ಹಾಗೆ ಬಳಸಿದರೆ ಚರ್ಮ ಸವೆಯುತ್ತದೆ, ಒಳಗಿನ ಫಂಗಸ್ ಮರೆಯಲ್ಲಿ ಬೆಳೆಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14 ಬಗೆಯನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ಕೇಳಿದವರಿಗೆ ಸಿಗುತ್ತಲೇ ಇದೆ. ಮನೆಯಲ್ಲಿರುವ ಟ್ಯೂಬ್‌ಗಳನ್ನು ಇವತ್ತೇ ತೆಗೆದು ನೋಡಿ. ಕ್ಲೊಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್. ಮುಖ ಬೆಳ್ಳಗಾಗಲೆಂದು ಇದನ್ನೇ ಹಚ್ಚುವವರು ನಮ್ಮ ತರಗತಿಗಳಲ್ಲೇ ಇದ್ದಾರೆ. ಹೆಸರು ಬೇಡ, ಓದಿದರೆ ಸಾಕು. ಬಹಳ ದಿನದಿಂದ ಹಚ್ಚುತ್ತಿದ್ದರೆ ಹೇಗೆ ಬಿಡಬೇಕೆಂದೂ ಡಾಕ್ಟರನ್ನೇ ಕೇಳಬೇಕು.

ಮಾತ್ರೆಗಳ ಬಗ್ಗೆ ಎರಡು ಮಾತು. ಉಗುರಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚುತ್ತಿದ್ದಾರೆ. ಅದರಿಂದ ಲಾಭ ಎನ್ನುವ ಅಧ್ಯಯನಗಳು ಸಣ್ಣವು. ಆದರೆ ಜಾಸ್ತಿ ಪ್ರಮಾಣದಲ್ಲಿ ತೆಗೆದುಕೊಂಡರೆ ಥೈರಾಯ್ಡ್‌ನಂಥ ರಕ್ತಪರೀಕ್ಷೆಯ ಫಲಿತಾಂಶ ತಪ್ಪು ಬರಬಹುದು. ಪರೀಕ್ಷೆಗೆ ಹೋಗುವಾಗ ತೆಗೆದುಕೊಳ್ಳುತ್ತಿದ್ದೇನೆಂದು ಹೇಳಬೇಕು. ಉಗುರಿಗೆ ಒಳಗಿನಿಂದ ಬರುವ ತೊಂದರೆಗಳಲ್ಲಿ ನಮ್ಮಲ್ಲಿ ಸಾಮಾನ್ಯವಾದದ್ದು ರಕ್ತಹೀನತೆ. ಕಬ್ಬಿಣಾಂಶ ತುಂಬ ಕಡಿಮೆಯಾದರೆ ಉಗುರು ತೆಳ್ಳಗಾಗಿ ನಡುವೆ ತಗ್ಗಿ ಚಮಚದಂತೆ ಆಗುತ್ತದೆ, ಒಂದು ಹನಿ ನೀರು ಹಾಕಿದರೆ ನಿಲ್ಲುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅಂಥವರಿಗೆ ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ, ಕ್ರೀಮ್ ಅಲ್ಲ. ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಬಂದರೆ, ಉಗುರು ಹಸಿರಾದರೆ, ಬುಡದಲ್ಲಿ ಕೀವು ಬಂದರೆ, ಉಗುರು ಕೆಳಗಿನಿಂದ ಎದ್ದುಬಂದರೆ ಮನೆಮದ್ದು ಮಾಡುತ್ತಾ ಕೂರಬಾರದು.

ಅಮ್ಮಿ ಈಗ ಮಾಡುವುದು ಹೀಗೆ. ಕೆಲಸ ಬಿಡಲು ಆಗುವುದಿಲ್ಲ, ಬೇಸಿನ್‌ನ ಗಂಟೆಗಳನ್ನು ನಾವು ಬದಲಿಸಲು ಆಗುವುದಿಲ್ಲ. ಉಳಿದ ಗಂಟೆಗಳು ನಮ್ಮ ಕೈಯಲ್ಲಿವೆ. ಮನೆಯ ಪಾತ್ರೆ, ಬಟ್ಟೆ ನನ್ನದೂ ತಮ್ಮನದೂ. ತಮ್ಮ ಮೊದಲು ಮುನಿದ, ಈಗ ಅಭ್ಯಾಸವಾಗಿದೆ. ಮೆಣಸಿನಕಾಯಿ ಹೆಚ್ಚುವಾಗ, ಫಿನಾಯಿಲ್ ಮುಟ್ಟುವಾಗ ಅಮ್ಮಿ ಒಳಗೆ ಹತ್ತಿ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್ ಹಾಕುತ್ತಾರೆ. ಬರೀ ರಬ್ಬರ್ ಹಾಕಿದರೆ ಒಳಗೆ ಬೆವರಿ ಮತ್ತೆ ನೆನೆಯುತ್ತದೆ. ಉಗುರು ಗಿಡ್ಡವಾಗಿ ಕತ್ತರಿಸುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಕೈಯನ್ನು ಸಾದಾ ನೀರಿನಲ್ಲಿ ತೊಳೆದು, ಬೆರಳ ಸಂದಿಯೂ ಒಣಗುವಂತೆ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸುತ್ತಾರೆ. ವುಝೂ ಆದ ಮೇಲೂ ಹಾಗೆಯೇ. ಜೆಲ್ಲಿ ಹಚ್ಚಿಕೊಂಡಿದ್ದರೆ ವುಝೂವಿನ ನೀರು ಚರ್ಮಕ್ಕೆ ತಲುಪುತ್ತದೋ ಇಲ್ಲವೋ ಎಂಬ ಅನುಮಾನ ಅವರಿಗೆ ಇತ್ತು. ಅದಕ್ಕೆ ಹಗಲಿನಲ್ಲಿ ಗ್ಲಿಸರಿನ್ ಇರುವ ತೆಳು ಕ್ರೀಮ್, ಇಶಾ ನಮಾಝ್ ಮುಗಿದ ಮೇಲೆ ಜೆಲ್ಲಿ. ಕಡಲೆಕಾಳಿನಷ್ಟು ತೆಗೆದುಕೊಂಡು ಒಂದೊಂದು ಉಗುರಿನ ಬುಡಕ್ಕೂ ತಿಕ್ಕಿ, ಹಳೆಯ ಹತ್ತಿ ಸಾಕ್ಸ್ ಕೈಗೆ ಹಾಕಿಕೊಂಡು ಮಲಗುತ್ತಾರೆ. ಡಾಕ್ಟರ್ ಕೊಟ್ಟ ಔಷಧಿ ಬೇರೆ, ಅದು ಅವರು ಹೇಳಿದಷ್ಟೇ ದಿನ.

ಶುರು ಮಾಡಿ ನಾಲ್ಕು ತಿಂಗಳಾಯಿತು. ಬಲಗೈ ತೋರುಬೆರಳಿನ ಅಡ್ಡ ಗೆರೆಗಳು ಉಗುರಿನ ಅರ್ಧ ದಾಟಿ ಮುಂದೆ ಬಂದಿವೆ. ಅವುಗಳ ಹಿಂದೆ ಬರುತ್ತಿರುವ ಉಗುರು ನಯವಾಗಿದೆ. ಎಡಗೈ ನಡುಬೆರಳಿನ ಬುಡ ಇನ್ನೂ ಊದಿದೆ, ಮುಂದಿನ ಬುಧವಾರ ಮತ್ತೆ ಆಸ್ಪತ್ರೆಗೆ ಹೋಗಬೇಕು.